ಯಾರ ಕೈಗ?

ಕೊಳ್ಳೇಗಾಲ ದಾಟಿ ಹನೂರಿನ ದಾರಿ ಹಿಡಿದರೆ ಸಿಗುವ ಊರುಗಳಿಗೆ ಹೊರಗಿನವರು ಹೋಗುವುದು ಅಪರೂಪ. ಎಲ್ಲರೂ ಹಾದು ಹೋಗುವವರೇ. ಬಸ್ಸಿನಲ್ಲಿ ಕೂತವರ ಮನಸ್ಸೂ ಬರಿಗಾಲಲ್ಲಿ ನಡೆಯುವ ಹರಕೆಯವರ ಮನಸ್ಸೂ ಮುಂದಿರುವ ಮಾದಪ್ಪನ ಬೆಟ್ಟದ ಮೇಲೆ. ಮಧುವನಹಳ್ಳಿಯನ್ನು ನಾನೂ ಕಿಟಕಿಯಿಂದ ಮಾತ್ರ ಕಂಡಿದ್ದೆ. ಮೊನ್ನೆ ಅಲ್ಲಿ ಇಳಿದದ್ದು ಒಂದು ಮೊಳೆಯ ದೆಸೆಯಿಂದ.

ಕೊಳ್ಳೇಗಾಲದ ಗೆಳೆಯರೊಬ್ಬರು ಅಜ್ಜನ ಕಾಲದ ತೊಟ್ಟಿಮನೆ ಬಿಚ್ಚಿಸಿ, ಅದರ ತೊಲೆ ಕಂಬಗಳನ್ನೇ ಹೊಸ ಮನೆಗೆ ಹೊಂದಿಸುತ್ತಿದ್ದರು. ಅಂಗಳದಲ್ಲಿ ವಯಸ್ಸಾದ ಬಡಗಿಯೊಬ್ಬರು ತೊಲೆಯ ಮೇಲೆ ಕಾಲು ಚಾಚಿ ಕೂತು ಬಾಚಿಯಲ್ಲಿ ಕೆತ್ತುತ್ತಿದ್ದರು. ಪಕ್ಕದಲ್ಲೇ ಕರೆಂಟಿನ ತೋಪಡ ವೈರು ಸುತ್ತಿಕೊಂಡು ಸುಮ್ಮನೆ ಬಿದ್ದಿತ್ತು. ಅದನ್ನೇಕೆ ಮುಟ್ಟುತ್ತಿಲ್ಲ ಎಂದು ಕೇಳಿದೆ. ಹಳೇ ಮರದೊಳಗೆ ಎಲ್ಲಿ ಯಾವ ಮೊಳೆ ಅಡಗಿದೆಯೋ ಹೇಳುವ ಹಾಗಿಲ್ಲವಂತೆ. “ಮಿಸನ್ ಬ್ಲೇಡು ಮೊಳ ತಾಗ್ತು ಅಂದ್ರ ಎಸೀಬೇಕು ಸಾ. ಬಾಚಿಯಾದ್ರ ತಟ್ಟುಸ್ಕಂಡ್ ಬರಬೋದು.” ಹಾಗೆಂದ ಒಂದು ತಾಸಿನೊಳಗೆ ಬಾಚಿಗೆ ಮೊಳೆ ತಾಗಿಯೇಬಿಟ್ಟಿತು. ಅವರಿಗೆ ಸಿಟ್ಟೇನೂ ಬರಲಿಲ್ಲ. ಬಾಯಿಯ ಮೇಲೆ ಹೆಬ್ಬೆರಳಾಡಿಸಿ ನೋಡಿದರು, ಕಾವು ಬಿಡಿಸಿ ತಲೆಯನ್ನು ಟವಲಿನಲ್ಲಿ ಸುತ್ತಿದರು. “ಮಧುವನಹಳ್ಳಿ ಕುಲುಮ್ಗ ವೋಗ್ಬೇಕು. ಬತ್ತೀರಾ?” ಎಂದರು. ಅವರ ಮೊಪೆಡ್ಡಿನ ಹಿಂದೆ ಹತ್ತಿದೆ.

ನನ್ನ ಊರು ಸಾಗರದ ಕಡೆ. ಹಸಿರು ಕಣ್ಣಿಗೆ ಕಟ್ಟಿಕೊಂಡೇ ಹುಟ್ಟಿದವರಿಗೆ ಈ ಸೀಮೆ ಮೊದಲ ನೋಟಕ್ಕೆ ಒಗ್ಗುವುದಿಲ್ಲ. ಕಬ್ಬು, ಹಿಪ್ಪುನೇರಳೆ, ಕೊಯ್ದು ಮುಗಿದ ರಾಗಿ ಹೊಲ, ನಡುವೆ ಒಂಟಿ ಹುಣಸೆಮರ, ದೂರದಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು. ದಾರಿಯ ಬದುವಿನಲ್ಲಿ ತಂಗಡಿ ಗಿಡ ಯಾರ ಆರೈಕೆಯೂ ಇಲ್ಲದೆ ಹಳದಿ ಹೂ ಬಿಟ್ಟು ನಿಂತಿತ್ತು. ಅದರ ಮಾತು ಆಮೇಲೆ ಬರುತ್ತದೆ.

ಕುಲುಮೆಗೆ ಮೂರು ಕಡೆ ಗೋಡೆ, ಮುಂದೆ ತಗ್ಗಿದ ಶೀಟಿನ ಮಾಡು. ಒಳಗೆ ಹೊಕ್ಕರೆ ಕಣ್ಣಿಗೆ ಕತ್ತಲು. ಇದನ್ನು ಬಡತನವೆಂದುಕೊಳ್ಳುವುದು ಸುಲಭ. ಸ್ವಲ್ಪ ಹೊತ್ತು ಕೂತ ಮೇಲೆ ಅದು ಬೇಕೆಂದೇ ಇಟ್ಟುಕೊಂಡ ಕತ್ತಲೆಂದು ತಿಳಿಯಿತು: ಕಾದ ಕಬ್ಬಿಣದ ಬಣ್ಣ ಬಿಸಿಲಿನಲ್ಲಿ ಸುಳ್ಳು ಹೇಳುತ್ತದೆ. ನೆಲದಲ್ಲಿ ಹೂತ ಮರದ ಕೊರಡಿನ ಮೇಲೆ ಅಡಿಗಲ್ಲು, ಅದರ ಬಲಕ್ಕೆ ರೈಲುಹಳಿಯ ಒಂದು ತುಂಡು. ತಿದಿ ಹೋಗಿ ಅದರ ಜಾಗಕ್ಕೆ ಕೈಯಲ್ಲಿ ತಿರುಗಿಸುವ ಫ್ಯಾನು ಬಂದಿತ್ತು. ಮೂಲೆಯಲ್ಲಿ ಲಾರಿಯ ಕಮಾನು ಪಟ್ಟೆ, ಸವೆದ ಅರ, ಬೇರಿಂಗಿನ ಬಳೆ, ಮುರಿದ ಗಾಡಿಯ ಅಚ್ಚು. ಅದನ್ನು ನಾನು ಗುಜರಿ ಎಂದೆ. “ಗುಜರಿಯೋರ್ಗ ಅದು ಗುಜರಿ ಸಾ. ಇಲ್ಲಿ ಒಂದೊಂದ್ಕೂ ಒಂದೊಂದ್ ಕೆಲ್ಸ ಅದ” ಎಂದರು ಕುಲುಮೆಯ ಆಚಾರ್ರು. ಗಟ್ಟಿ ಉಕ್ಕಿನ ಅರ ಉಳಿಯಾಗುತ್ತದೆ. ಬಳುಕುವ ಪಟ್ಟೆ ಬಾಚಿಗೂ ಮಚ್ಚಿಗೂ ಆಗುತ್ತದೆ. ಅಚ್ಚಿನ ಮೆತು ಕಬ್ಬಿಣ ಪೆಟ್ಟು ತಡೆಯುವ ಮೈಯಾಗುತ್ತದೆ. ಅರದಲ್ಲಿ ನೂರಕ್ಕೆ ಒಂದು ಪಾಲಿಗೂ ಮೀರಿ ಇಂಗಾಲವಿರುತ್ತದೆ, ಪಟ್ಟೆಯಲ್ಲಿ ಅದರ ಅರ್ಧದಷ್ಟು. ಇದನ್ನು ನಾನು ಪುಸ್ತಕದಲ್ಲಿ ಓದಿದವನು. ಅವರು ಎರಡನ್ನೂ ಉಜ್ಜುಗಲ್ಲಿಗೆ ತಾಗಿಸಿ, ಸಿಡಿಯುವ ಕಿಡಿ ಕವಲೊಡೆಯುವ ರೀತಿ ನೋಡಿಯೇ ಬೇರ್ಪಡಿಸುತ್ತಾರೆ.

ಬಡಗಿ ಟವಲು ಬಿಚ್ಚಿದರು. ಆಚಾರ್ರು ಬಾಚಿಯನ್ನು ತಿರುಗಿಸಿ, ಕಾವು ಕೂರುವ ಕಣ್ಣಿನ ಪಕ್ಕ ಬೆರಳಿಟ್ಟರು. “ನಮ್ಮಪ್ಪನ ಕೈದು ಇದು” ಎಂದರು. ಗುರುತು, ಮುದ್ರೆ ಏನೂ ಅಲ್ಲಿರಲಿಲ್ಲ. ಕಣ್ಣಿನ ಅಂಚನ್ನು ಮಡಿಚಿ ಬಡಿದ ಬಗೆ ಅವರಿಗೆ ಸಾಕಾಗಿತ್ತು. ಆಮೇಲೆ ಬಾಯಿ ನೋಡಿ ಬಡಗಿಯನ್ನು ಗದರಿದರು. ಮೊಳೆಯ ಗಾಯ ದೊಡ್ಡದಲ್ಲವಂತೆ, ತಟ್ಟಿ ತಟ್ಟಿ ಉಕ್ಕೇ ಮುಗಿಯುತ್ತ ಬಂದಿದೆಯಂತೆ. “ಇನ್ನ ಬರೀ ಕಬ್ಬುಣದಲ್ಲಿ ಕೆತ್ತಕಂಡು ಕೂತಿರು ನೀನು. ಉಕ್ಕ ಇಡ್ಬೇಕು ಇದ್ಕ.”

ಮೆತುವಾದ ಮೈಗೆ ಗಟ್ಟಿಯಾದ ಬಾಯಿ ಇಡುವುದು ಹಳೆಯ ಉಪಾಯ. ಇಡೀ ಬಾಚಿ ಗಟ್ಟಿ ಉಕ್ಕಿನದಾದರೆ ಗಂಟಿರುವ ಮರಕ್ಕೆ ಬಡಿದಾಗ ಕಣ್ಣಿನ ಹತ್ತಿರ ಸೀಳುತ್ತದೆ. ಇಡೀ ಕಬ್ಬಿಣದ್ದಾದರೆ ಬಾಯಿ ಮಡಚಿಕೊಳ್ಳುತ್ತದೆ. ಆಚಾರ್ರು ಪಟ್ಟೆಯ ತುಂಡೊಂದನ್ನು ಕೆಂಪಗೆ ಕಾಯಿಸಿ ಚಾಣದಲ್ಲಿ ಕಡಿದರು. ಬಾಚಿಯ ಬಾಯನ್ನು ಸೀಳಿ ಬಿಡಿಸಿ, ತುಂಡನ್ನು ನಡುವೆ ಕಚ್ಚಿಸಿದರು. ಮತ್ತೆ ಒಲೆಗಿಟ್ಟು, ಮೇಲೆ ಹಿಡಿ ಮರಳು ಉದುರಿಸಿದರು. ಮರಳು ಕರಗಿ ಗಾಜಿನಂತೆ ಹರಿದು ಕಬ್ಬಿಣದ ಮೇಲಿನ ಕಿಟ್ಟವನ್ನು ಕರಗಿಸಿಕೊಂಡು ಹೋಗುತ್ತದೆ. ಕಿಟ್ಟ ಉಳಿದರೆ ಬೆಸುಗೆ ಹಿಡಿಯುವುದಿಲ್ಲ. ಅಲ್ಲಿಯವರೆಗೆ ಹಿತ್ತಿಲಲ್ಲಿ ಏನೋ ಮಾಡುತ್ತಿದ್ದ ಅವರ ಹೆಂಡತಿ, ಕರೆಯದೆಯೇ ಬಂದು ಸೆರಗು ಸಿಕ್ಕಿಸಿ ಸಮ್ಮಟಿಗೆ ಎತ್ತಿಕೊಂಡರು. ಫ್ಯಾನಿನ ಸದ್ದು ಬದಲಾದದ್ದೇ ಅವರಿಗೆ ಕರೆ.

ಮುಂದಿನದು ನಡೆದದ್ದು ಬಹಳ ಬೇಗ. ಬೆಳ್ಳಗೆ ಕಾದ ತುಂಡು ಇಕ್ಕಳದಲ್ಲಿ ಹೊರಬಂತು. ಆಚಾರ್ರ ಸಣ್ಣ ಸುತ್ತಿಗೆ ಒಂದು ಕಡೆ ಮುಟ್ಟಿತು; ಆಕೆಯ ಸಮ್ಮಟಿಗೆ ಅದೇ ಕಡೆ ಬಿತ್ತು. ಮುಟ್ಟಿದಲ್ಲಿಗೆ ಪೆಟ್ಟು, ಮೆಲ್ಲಗೆ ಮುಟ್ಟಿದರೆ ಮೆಲ್ಲಗೆ, ಜೋರಾಗಿ ಮುಟ್ಟಿದರೆ ಜೋರಾಗಿ. ಅಡಿಗಲ್ಲಿನ ಅಂಚಿಗೆ ಸುತ್ತಿಗೆ ‘ಟಿಣ್’ ಎಂದರೆ ನಿಲ್ಲಿಸು ಎಂದರ್ಥ. ಇಬ್ಬರೂ ಒಂದು ಮಾತಾಡಲಿಲ್ಲ. ಕಮ್ಮಾರನ ಕಸುಬೆಂದರೆ ಸುತ್ತಿಗೆ ಹಿಡಿದ ಗಂಡಸಿನ ಚಿತ್ರವೇ ನಮ್ಮ ಕಣ್ಣ ಮುಂದೆ ಬರುತ್ತದೆ. ಆ ಬೆಸುಗೆಯ ಮುಕ್ಕಾಲು ಬಲ ಆ ತಾಯಿಯದು. ಬೆವರು ಒರೆಸಿಕೊಂಡು, “ಉಂಡ್ಕಂಡೇ ವೋಗ್ಬೇಕು ಕನಪ್ಪ, ಎಸ್ರಿಗ ಇಟ್ಟಿವ್ನಿ” ಎಂದು ನನಗೆ ಹೇಳಿ ಒಳಗೆ ಹೋದರು.

ಬಾಯಿ ತಟ್ಟಿ ತೆಳುವಾಗಿಸುವ ಕೆಲಸ ನಿಧಾನದ್ದು. ಬಾಚಿಯ ಬಾಯಿಗೆ ಇಳಿಜಾರು ಒಂದೇ ಕಡೆ, ಬಡಗಿಯ ಕಡೆಗೆ ಮುಖ ಮಾಡಿದ ಒಳಮೈಯಲ್ಲಿ. ಹೊರಮೈ ಚಪ್ಪಟೆಯಾಗಿರಬೇಕು, ಆದರೆ ಪೂರಾ ಚಪ್ಪಟೆಯಲ್ಲ. ಅಡ್ಡಕ್ಕೆ ತುಸುವೇ ಬಾಗಿರಬೇಕು, ಇಲ್ಲವಾದರೆ ಎರಡು ಮೂಲೆಗಳೂ ಮರದಲ್ಲಿ ಗೀರು ಬಿಡುತ್ತವೆ. ಆಚಾರ್ರು ಎತ್ತಿ ಒಂದು ಕಣ್ಣು ಮುಚ್ಚಿ ನೋಡುತ್ತಾರೆ, ಇಳಿಸಿ ಎರಡು ಪೆಟ್ಟು ಕೊಡುತ್ತಾರೆ, ಮತ್ತೆ ಎತ್ತುತ್ತಾರೆ. ಮುಗಿಯಿತು ಎಂದು ನನಗೆ ಅನಿಸಿದ ಮೇಲೂ ಅದು ಬಹಳ ಹೊತ್ತು ನಡೆಯಿತು.

ಆಮೇಲೆ ನೀರು. ಇಡೀ ಬೆಳಗಿನಲ್ಲಿ ಆಚಾರ್ರ ಮುಖ ಬಿಗಿದದ್ದು ಆಗೊಮ್ಮೆ ಮಾತ್ರ. ಬಾಯನ್ನು ಕೆಂಡಸಂಪಿಗೆ ಬಣ್ಣಕ್ಕೆ ಕಾಯಿಸಿ, ಎರಡು ಬೆರಳಷ್ಟನ್ನು ಮಾತ್ರ ನೀರಿಗಿಳಿಸಿ, ಒಂದೇ ಕಡೆ ನಿಲ್ಲಿಸದೆ ಆಡಿಸಿದರು. ಹೊರತೆಗೆದ ಕೂಡಲೇ ಇಟ್ಟಿಗೆ ಚೂರಿನಿಂದ ಉಜ್ಜಿ ಬೆಳ್ಳಿಯಂತಾಗಿಸಿ, ಮಾಡಿನ ನೆರಳಿಗೆ ಹಿಡಿದರು. ಹಿಂದಿನ ಮೈಯಲ್ಲಿ ಉಳಿದ ಕಾವು ನಿಧಾನಕ್ಕೆ ಮುಂದೆ ಹರಿಯುತ್ತಿದ್ದಂತೆ ಉಜ್ಜಿದ ಜಾಗದಲ್ಲಿ ಬಣ್ಣಗಳು ನಡೆಯತೊಡಗಿದವು. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಅದರ ಹಿಂದೆ ನೇರಳೆ, ಅದಕ್ಕೂ ಹಿಂದೆ ನೀಲಿ. ಹಳದಿ ಎಂದರೆ ಸುಮಾರು 230 ಡಿಗ್ರಿ ಸೆಲ್ಸಿಯಸ್, ನೇರಳೆ ಎಂದರೆ 280ರ ಆಸುಪಾಸು. ಹಳದಿಯಲ್ಲಿ ನಿಲ್ಲಿಸಿದರೆ ಬಾಯಿ ಬಲು ಗಟ್ಟಿ, ಆದರೆ ಚಕ್ಕೆಯೇಳುತ್ತದೆ. ನೀಲಿಗೆ ಬಿಟ್ಟರೆ ಬಾಗುತ್ತದೆ. “ಉಳಿಗ ಹಳದೀಲಿ ತಡೀಬೇಕು. ಬಾಚಿ ಏಟ್ ತಿನ್ನೋದು, ನೇರಳ ಹತ್ಲಿ ಅಂತ ಕಾಯ್ಬೇಕು.” ನೇರಳೆ ಬಾಯಿಯ ಅಂಚಿಗೆ ಬಂದ ಗಳಿಗೆಯಲ್ಲಿ ಬಾಚಿ ನೀರಿನೊಳಗಿತ್ತು. ಉಸಿರು ಬಿಟ್ಟು ನಕ್ಕರು. ಬಡಗಿ ಹೊರಗೆ ಬಿದ್ದಿದ್ದ ಜಾಲಿ ತುಂಡಿನ ಮೇಲೆ ಎರಡು ಏಟು ಹಾಕಿ ನೋಡಿ, ಏನೂ ಹೇಳದೆ ಬಾಚಿಯನ್ನು ಟವಲಿಗೆ ಸುತ್ತಿಕೊಂಡರು. ಅಲ್ಲಿ ಹೊಗಳಿಕೆಯೆಂದರೆ ಅಷ್ಟೇ.

ತಂಗಡಿಯ ಮಾತು ಬಾಕಿ ಇದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಆಣತಿಯಂತೆ ಮದ್ರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಕಂಡದ್ದನ್ನು 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಹಳ್ಳದ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುವವರನ್ನೂ, ಆ ಕಬ್ಬಿಣವನ್ನು ಉಕ್ಕಾಗಿಸುವವರನ್ನೂ ಆತ ಹತ್ತಿರ ನಿಂತು ನೋಡಿದ್ದಾನೆ. ಮಣ್ಣಿನ ಪುಟ್ಟ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತೂಕ ಮಾಡಿದ ತಂಗಡಿ ಕಡ್ಡಿ, ಮೇಲೆರಡು ಹಸಿರೆಲೆ. ಬಾಯಿ ಮುಚ್ಚಿ ಒಲೆಗಿಟ್ಟರೆ ಕಡ್ಡಿಯ ಇಂಗಾಲವನ್ನು ಕಬ್ಬಿಣ ಕುಡಿದು ಉಕ್ಕಾಗುತ್ತದೆ. ಈ ನಾಡಿನ ಉಕ್ಕನ್ನು 1819ರಲ್ಲಿ ಲಂಡನ್ನಿನಲ್ಲಿ ಪರೀಕ್ಷೆಗಿಟ್ಟುಕೊಂಡವರಲ್ಲಿ ಮೈಕೆಲ್ ಫ್ಯಾರಡೆ ಒಬ್ಬ. ಅವನೂ ಕಮ್ಮಾರನ ಮಗನೇ. ದಾರಿಬದಿಯ ಆ ಹಳದಿ ಹೂವನ್ನು ತೋರಿಸಿ ಆಚಾರ್ರಿಗೆ ಈ ಕಥೆ ಹೇಳಿದೆ. ಅವರು ಆಸಕ್ತಿಯಿಂದ ಕೇಳಿ, “ಈಗ ಲಾರಿಯೋರೆ ಮಾಡಿ ಕಳುಸ್ತಾರ ಬುಡಿ” ಎಂದರು.

ಮೂಸೆಯ ಉಕ್ಕು ಅಳಿದದ್ದಕ್ಕೆ ನಾವು ಇಂಗ್ಲೆಂಡಿನ ಅಗ್ಗದ ಉಕ್ಕನ್ನು ದೂರುತ್ತೇವೆ. ಅದು ನಿಜವೂ ಹೌದು. ಆದರೆ ಇದ್ದಿಲಿನ ಮಾತೂ ಇದೆ. ನನ್ನ ಜಿಲ್ಲೆಯಲ್ಲೇ, ಭದ್ರಾವತಿಯಲ್ಲಿ, ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಒಲೆ ಹಚ್ಚಿದಾಗ ಅದಕ್ಕೂ ಮಲೆನಾಡಿನ ಕಾಡಿನ ಇದ್ದಿಲೇ ಬೇಕಾಯಿತು. ಊರಿನ ಕುಲುಮೆಯೊಂದು ಸುಡುವ ಇದ್ದಿಲನ್ನು ಅದರ ಪಕ್ಕದಲ್ಲಿಟ್ಟರೆ ಲೆಕ್ಕಕ್ಕೇ ಸಿಗದು. ಮಧುವನಹಳ್ಳಿಯಲ್ಲಿ ಉರಿಯುತ್ತಿದ್ದದ್ದು ಹುಣಸೆ ಮತ್ತು ಜಾಲಿ ಇದ್ದಿಲು, ನಡುವೆ ತೆಂಗಿನ ಚಿಪ್ಪು. ಕಲ್ಲಿದ್ದಲು ಅಗ್ಗವಲ್ಲವೇ ಎಂದರೆ, ಅದರಲ್ಲಿರುವ ಗಂಧಕ ಬೆಸುಗೆಗೆ ಆಗದು ಎನ್ನುವುದನ್ನು ಆಚಾರ್ರು “ಅದ್ರ ವಾಸ್ನೆ ಕಬ್ಬುಣಕ್ಕಾಗಲ್ಲ” ಎಂಬ ಮಾತಿನಲ್ಲಿ ಮುಗಿಸಿದರು.

ಊಟಕ್ಕೆ ಮುದ್ದೆ, ಉಪ್ಪೆಸ್ರು. ಹಲಸಂದೆ ಕಾಳು, ಸೊಪ್ಪು ಬೇಯಿಸಿ ಬಸಿದ ನೀರಿಗೆ ಉಪ್ಪು, ಬೇರೆಯಾಗಿ ಅರೆದಿಟ್ಟ ಬೆಳ್ಳುಳ್ಳಿ ಮೆಣಸಿನ ಖಾರ. ಖಾರವನ್ನು ತಟ್ಟೆಯಂಚಿಗೆ ಹಚ್ಚಿಕೊಂಡು ಬೇಕಷ್ಟೇ ಕಲಸಿಕೊಳ್ಳಬೇಕು. ಕುಸುಬಲಕ್ಕಿ ಅನ್ನಕ್ಕೆ ತಂಬುಳಿ ಸುರಿದುಕೊಂಡು ಬೆಳೆದ ನನ್ನ ನಾಲಿಗೆ ಮೊದಲ ತುತ್ತಿಗೇ ಎಚ್ಚೆತ್ತಿತು. ಮುದ್ದೆಯನ್ನು ಅಗಿಯುತ್ತಿದ್ದ ನನ್ನನ್ನು ಕಂಡು ಆ ತಾಯಿಗೆ ನಗು. ಉಪ್ಪೆಸ್ರಿನಂಥ ಇನ್ನೊಂದು ಅಡುಗೆಯನ್ನು ನಾನು ಕಾಣೆ. ಅದರಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ.

ಕುಲುಮೆಯ ಕಟ್ಟೆಯಲ್ಲಿ ಮುದುಕರೊಬ್ಬರು ಕುಡುಗೋಲು ಹಿಡಿದು ಸರದಿಗೆ ಕಾಯುತ್ತಿದ್ದರು. ಚಿಕ್ಕಲ್ಲೂರಿನ ಒಕ್ಕಲಿನವರು. ಜಾತ್ರೆ ಮುಗಿದು ಬಹಳ ದಿನವಾಗಿರಲಿಲ್ಲ; ಜನವರಿಯ ಹುಣ್ಣಿಮೆಯಲ್ಲಿ ಚಂದ್ರಮಂಡಲ ಹೊತ್ತಿಸಿ ಐದು ದಿನ ನಡೆಯುವ ಆ ಜಾತ್ರೆಯ ಸುದ್ದಿಯಲ್ಲೇ ಇದ್ದರು. ಅಲ್ಲಿನ ಸಿದ್ದಪ್ಪಾಜಿ ಕಮ್ಮಾರರ ಮಗ ಎಂಬುದು ಆ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ನೀಲಗಾರರು ತಂಬೂರಿ ಹಿಡಿದು ರಾತ್ರಿಗಟ್ಟಲೆ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ, ನಿಡುಘಟ್ಟದ ಬಾಚಿ ಬಸವಯ್ಯನ ಮಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನಾಗಿ ಬೇಡುತ್ತಾರೆ. ಹೆತ್ತವರು ಕೊಡಲೊಲ್ಲರು. ಕೊನೆಗೆ ಗುರುವಿನ ಹಾದಿ ಹಿಡಿದು ಸಿದ್ದಪ್ಪಾಜಿಯಾದ ಆತನನ್ನು ಹಲಗೂರಿನ ಪಾಂಚಾಳರಲ್ಲಿಗೆ ಭಿಕ್ಷೆಗೆ ಕಳಿಸುತ್ತಾರೆ. ಬೇಡಬೇಕಾದದ್ದು ಅಕ್ಕಿಯಲ್ಲ, ಹೊನ್ನಲ್ಲ, ಕಬ್ಬಿಣ. ಮನೆ ತುಂಬ ಕಬ್ಬಿಣ ಇಟ್ಟುಕೊಂಡು ಪಾಂಚಾಳರು ಇಲ್ಲವೆನ್ನುತ್ತಾರೆ, ಸಿದ್ದಪ್ಪಾಜಿಯನ್ನು ಒಂದರ ಮೇಲೊಂದು ಪವಾಡಕ್ಕೊಡ್ಡುತ್ತಾರೆ, ಸೋಲುತ್ತಾರೆ.

ಮುದುಕರು ಇದನ್ನು ಬಲು ರಸವತ್ತಾಗಿ ಹೇಳಿದರು, ಹಲಗೂರಿನವರ ಜಿಪುಣತನ ಬಂದಲ್ಲೆಲ್ಲ ಆಚಾರ್ರ ಕಡೆಗೊಂದು ಓರೆನೋಟ ಬೀರುತ್ತ. “ಕೇಳುದ್ಯಾ ಆಚಾರಣ್ಣ?” ಆಚಾರ್ರು ಕುಡುಗೋಲಿನಿಂದ ಕಣ್ಣೆತ್ತಲಿಲ್ಲ. “ಕೊಡ್ದೆ ಇದ್ದೋರೂ ನಮ್ಮೋರೆಯ, ಬೇಡಕ್ ಬಂದಂವ್ನೂ ನಮ್ಮಂವ್ನೇಯ. ನಿಂದೇನ್ ವೋಯ್ತು ಅದ್ರಲ್ಲಿ?” ಕಟ್ಟೆಯಲ್ಲಿದ್ದವರೆಲ್ಲ ನಕ್ಕರು, ಮುದುಕರೂ ನಕ್ಕರು.

ನಾನು ಕಂಡಂತೆ ಕನ್ನಡದ ಸಂತರ ಕಥೆಗಳಲ್ಲಿ ಕುಲುಮೆಗೆ ಇಷ್ಟು ಜಾಗ ಸಿಕ್ಕಿರುವುದು ಇದೊಂದರಲ್ಲೇ. ಹನ್ನೆರಡನೇ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯ ಇದ್ದಾನೆ, ಅವನ ಪುಣ್ಯಸ್ತ್ರೀ ಕಾಳವ್ವೆಯೂ ವಚನ ಬರೆದಿದ್ದಾಳೆ. ಬಾಚಿ ಹಿಡಿದವರ ಹೆಸರು ಹೀಗೆ ಉಳಿಯಿತು. ಅವರ ಬಾಚಿಯನ್ನು ಬಡಿದು ಕೊಟ್ಟವರು ಯಾರೋ. ನಮ್ಮಲ್ಲಿ ಸಾಗರ ಸೊರಬದ ಗುಡಿಗಾರರ ಗಂಧದ ಕೆತ್ತನೆಯನ್ನು ಕಂಡು ಬಾಯಿ ಬಿಡುತ್ತೇವೆ. ಚನ್ನಪಟ್ಟಣದ ಆಲೆಮರದ ಬೊಂಬೆಯ ನುಣುಪನ್ನು ಸವರಿ ನೋಡುತ್ತೇವೆ. ಆ ನುಣುಪಿನ ಹಿಂದೆ ಎಂಥ ಉಳಿ ಇತ್ತು, ಅದಕ್ಕೆ ಯಾರು ಯಾವ ಬಣ್ಣದಲ್ಲಿ ನೀರು ಹಾಕಿದರು ಎಂದು ಕೇಳುವವರನ್ನು ನಾನು ಕಂಡಿಲ್ಲ. ಕಮ್ಮಾರನ ಒಳ್ಳೆಯ ಕೆಲಸ ಇನ್ನೊಬ್ಬರ ಕೆಲಸದೊಳಗೆ ಕರಗಿಹೋಗುತ್ತದೆ. ಕೆಟ್ಟದ್ದಾದರೆ ಮಾತ್ರ ಮರುದಿನವೇ ಅವನ ಬಾಗಿಲಿಗೆ ವಾಪಸು.

ಹೊತ್ತು ಇಳಿಯುವವರೆಗೂ ಗಿರಾಕಿಗಳು ಬರುತ್ತಲೇ ಇದ್ದರು. ಹೊಸದು ಮಾಡಿಸಲು ಬಂದವರು ಕಡಿಮೆ, ಹಳೆಯದನ್ನು ತಟ್ಟಿಸಲು ಬಂದವರೇ ಹೆಚ್ಚು. ಹಿಂದೆ ಸುಗ್ಗಿಯಲ್ಲಿ ಕಣದಿಂದಲೇ ಆಯದ ರಾಗಿ ಅಳೆದು ಕೊಡುತ್ತಿದ್ದರು, ವರ್ಷವಿಡೀ ಗುಳ ತಟ್ಟಿಕೊಡುವುದು ಕುಲುಮೆಯ ಹೊಣೆಯಾಗಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಗುಳದ ಕೆಲಸ ಹೋಯಿತು, ಆಯವೂ ಹೋಯಿತು. ಈ ಭಾಗವನ್ನು ಆಚಾರ್ರು ಅಳುಕಿಲ್ಲದೆ, ಅಳಲಿಲ್ಲದೆ ಹೇಳಿದರು. ಬೇಕಿದ್ದರೆ ನಾನೇ ಅಳಲು ತುಂಬಿಕೊಳ್ಳಬೇಕಿತ್ತು.

ಹೊರಡುವ ಮುನ್ನ ನನಗೂ ಒಂದು ಬಾಚಿ ಬೇಕೆಂದೆ.

“ಯಾರ ಕೈಗ?” ಎಂದರು.

ನಮ್ಮ ಮನೆಗೆ, ಎಂದೆ.

“ಮನೇಲಿ ಯಾರ ಕೈಗ? ಕೆತ್ತೋರು ಯಾರು?”

ಯಾರೂ ಇರಲಿಲ್ಲ. ಇಷ್ಟು ಚೆನ್ನಾಗಿ ಮಾಡಿದ್ದನ್ನು ಕಣ್ಣೆದುರು ಇಟ್ಟುಕೊಳ್ಳಬೇಕೆನಿಸಿತು ಎಂದೆ. ಆಚಾರ್ರಿಗೆ ಬೇಸರವೇನೂ ಆಗಲಿಲ್ಲ. ಇಂಥ ಗಿರಾಕಿಗಳು ಮೊದಲೂ ಬಂದಿದ್ದರೋ ಏನೋ. “ಗೋಡ್ಗ ತಗಲಾಕಕಾದ್ರ ನೀರ ಹಾಕ್ದೆ ಕೊಟ್ಬುಡ್ತೀನಿ ಸಾ. ಉಕ್ಕೂ ಬ್ಯಾಡ. ನೋಡಕ ಎರಡೂ ಒಂದೇಯ.”

ವಾಪಸು ಬಂದ ಮೇಲೂ ನನ್ನನ್ನು ಬಿಡದೆ ಕಾಡಿದ ಮಾತು ಇದೇ. ನೋಡಲು ಎರಡೂ ಒಂದೇ. ಬೆಳಗಿನಿಂದ ನಾನು ಬೆರಗಾಗಿ ಕೂತು ಕಂಡದ್ದೆಲ್ಲ, ಆ ಬೆಸುಗೆ, ಆ ಬಣ್ಣದ ಕಾಯುವಿಕೆ, ಗೋಡೆಯ ಮೇಲೆ ಕಾಣುವಂಥದ್ದೇ ಅಲ್ಲ. ಬೆಂಗಳೂರಿನ ಮನೆಗಳಲ್ಲಿ, ಹೋಟೆಲುಗಳಲ್ಲಿ ಸೇರು, ಪಾವು, ನೊಗ, ಬಂಡಿಚಕ್ರ ಎಲ್ಲವೂ ಎಣ್ಣೆ ಕುಡಿದು ಮಿರುಗುತ್ತಿರುತ್ತವೆ. ಅವುಗಳನ್ನು ಇಟ್ಟುಕೊಂಡವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಆ ಪ್ರೀತಿಗೆ ನೀರು ಹಾಕದ ಬಾಚಿಯೂ ಸಾಕು ಎಂಬುದನ್ನು ಮಾಡಿದವರೇ ಕಂಡುಕೊಂಡು, ಎದುರಿಗೇ ಹೇಳಿದಾಗ ಉತ್ತರ ಹೊಳೆಯಲಿಲ್ಲ. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಇಲ್ಲದ ಕೆಲಸಕ್ಕೆ ಇದ್ದಿಲು ಸುಡುವುದೇಕೆ ಎಂಬ ಲೆಕ್ಕಾಚಾರ, ಅಷ್ಟೇ.

ಕೊನೆಗೆ ನೀರು ಹಾಕಿಯೇ ಕೊಡಿ ಎಂದೆ, ನಮ್ಮೂರಿನಲ್ಲಿ ಕೊಟ್ಟಿಗೆ ಕೆಲಸಕ್ಕೆ ಬರುವ ಬಡಗಿಯನ್ನು ನೆನೆದು. ತಕ್ಷಣ ಆಚಾರ್ರ ಪ್ರಶ್ನೆಗಳು ಶುರುವಾದವು. ಆಳು ಎತ್ತರವೋ ಗಿಡ್ಡವೋ? ಕೂತು ಕೆತ್ತುತ್ತಾರೋ ನಿಂತೋ? ನಿಮ್ಮ ಕಡೆ ಮರ ಯಾವುದು? ಹಲಸು, ಹೆಬ್ಬಲಸು, ಮತ್ತಿ ಎಂದೆ. ಮತ್ತಿ ಎಂದ ಕೂಡಲೇ ಬಾಯಿ ಸ್ವಲ್ಪ ದಪ್ಪ ಇರಲಿ ಎಂದುಕೊಂಡರು. ಕಾವಿಗೆ ಬೆಟ್ಟದ ಸೀಮೆಯ ತಡಸಲು ಕೊಟ್ಟರು. “ಅಂದಾಜ್ ಮೇಲ ಮಾಡಿವ್ನಿ. ಬಾಗ್ಲ ಸರಿ ಬರ್ನಿಲ್ಲ ಅಂದ್ರ ತಕಂಬನ್ನಿ.” ಬಾಗಿಲೆಂದರೆ ಕಾವಿಗೂ ಅಲಗಿಗೂ ನಡುವೆ ತೆರೆದಿರುವ ಜಾಗ ಎಂದು ಬಡಗಿ ನನಗೆ ವಿವರಿಸಿದರು.

ಊರಿಗೆ ಹೋದಾಗ ಅದನ್ನು ನಮ್ಮ ಬಡಗಿಯ ಕೈಗಿತ್ತೆ. ಅವರು ಅಂಗಳದಲ್ಲಿದ್ದ ಮತ್ತಿ ಕೊರಡಿಗೆ ಹಾಕಿ ಕೆತ್ತತೊಡಗಿದವರು ಒಂದು ಬದಿ ಪೂರ್ತಿ ಮುಗಿಯುವವರೆಗೆ ನಿಲ್ಲಿಸಲಿಲ್ಲ. ಬಾಯನ್ನು ಬೆಳಕಿಗೆ ಹಿಡಿದು ನೋಡಿ, “ಉಕ್ಕು ಅಡ್ಡಿಲ್ಲ ಮಾರಾಯ್ರೇ” ಎಂದರು. ಆಮೇಲೆ ದೂರು. ತಾವು ಕೆತ್ತುವುದು ನಿಂತು, ಇದು ಕೂತು ಕೆತ್ತುವವರ ಬಾಗಿಲು; ಇನ್ನೊಂದು ಬೆರಳು ಬಿಚ್ಚಿದ್ದರೆ ಸೊಂಟಕ್ಕೆ ಸುಖ. ಕಾವಂತೂ ಆಗಲೇ ಬೇಡವಾಗಿತ್ತು, ತಮ್ಮದೇ ಹಾಕಿಕೊಳ್ಳುತ್ತಾರಂತೆ. ಜೇಬಿನಿಂದ ದಾರ ತೆಗೆದು ತಮ್ಮ ಮೊಣಕೈಯಿಂದ ಬೆರಳ ತುದಿಗೊಂದು, ಮಂಡಿಯಿಂದ ನೆಲಕ್ಕೊಂದು ಗಂಟು ಹಾಕಿ ನನಗೆ ಕೊಟ್ಟರು.

“ಬೇಸಗೆ ಒಳಗೆ ಆ ಕಡೆ ಹೋಗುದಿದ್ರೆ ಬಾಚಿನೂ ತಗೊಂಡ್ಹೋಗಿ, ದಾರನೂ ತೋರ್ಸಿ. ಮಳೆ ಹಿಡೀತು ಅಂದ್ರೆ ಮತ್ತೆ ನಂಗೆ ಮಾಡಿನ ಕೆಲಸ, ಬಾಚಿ ಬಿಟ್ಟಿರಕ್ಕೆ ಆಗುದಿಲ್ಲ.”